ಮಾತಿನ ಗುಳ್ಳೆ

ಚಿತ್ರ ಅಂಕಯ್ಯನದು. ಅಕ್ಷರ ನನ್ನದು.
ಮಂಡಿ ಮೊಹಲ್ಲಾದ ಪ್ರೆಸ್ಸಿನ ಅಟ್ಟದಲ್ಲಿ
ಒಂದೇ ಟ್ಯೂಬ್‌ಲೈಟಿನ ಕೆಳಗೆ ಮೂವತ್ತೊಂದು ವರ್ಷ
ಅವನು ಬಿಟ್ಟ ಬಿಳಿ ಗುಳ್ಳೆಗಳಿಗೆ
ಮಾತು ತುಂಬಿದ್ದೇನೆ.

ನೀರುನಾಯಿ ಅದು. ನಾಯಿಯಲ್ಲ, ಹೊಳೆಯ ಜೀವ.
ಸೊಂಟಕ್ಕೆ ಕತ್ತಿ, ತಲೆಗೆ ಒದ್ದೆ ರುಮಾಲು,
ಒಡೆಯನಿಲ್ಲದ ಬಂಟ.
ಒಡೆಯ, ಹೆಜ್ಜಾರ್ಲೆ ಪಾಳೇಗಾರ,
ಮೊದಲ ಸಂಚಿಕೆಯ ನಾಲ್ಕನೇ ಪುಟದಲ್ಲೇ ಸತ್ತ.
ಅಂದಿನಿಂದ ಹೊಳೆಬಂಟ ನಡೆಯುತ್ತಲೇ ಇದ್ದಾನೆ,
ಕೂಲಿಗೆ ಕಾವಲು, ಅನ್ನಕ್ಕೆ ಕತ್ತಿ,
ಬೆಳಗಾದರೆ ಬೇರೆ ಊರು.

ನೀರುನಾಯಿ ಯಾಕಯ್ಯ, ಹುಲಿ ಬರೆಯಬಾರದೆ?
ಯಜಮಾನರು ಕೇಳಿದ್ದರು.
ಹುಲಿಗೆ ಬಣ್ಣ ಬೇಕು ಸ್ವಾಮಿ,
ನಿಮ್ಮಲ್ಲಿರುವುದು ಕಪ್ಪು ಮಸಿ ಒಂದೇ.

ನನಗೆ ಹೇಳಿದ್ದು ಬೇರೆ.
ಶ್ರೀರಂಗಪಟ್ಟಣದ ಕೆಳಗಿನ ಮಡುವಿನಲ್ಲಿ
ಅಪ್ಪ ರಾತ್ರಿ ಬಲೆ ಬಿಟ್ಟು ಬರುತ್ತಿದ್ದನಂತೆ.
ಬೆಳಗ್ಗೆ ಎಳೆದರೆ ಬಾಗಿಲಿನಷ್ಟು ತೂತು,
ಮೀನಿನ ತಲೆ ಮಾತ್ರ ಬಾಕಿ.
ಅಪ್ಪ ಅದರ ಏಳು ತಲೆಮಾರನ್ನೂ ಬೈಯುವಾಗ
ಹುಡುಗ ಬಂಡೆಯ ಮೇಲೆ ಕೂತು ನೋಡಿದ:
ಆಚೆ ದಡದಲ್ಲಿ ಅದು ಎರಡು ಕಾಲ ಮೇಲೆ ನಿಂತು
ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು
ಆಮೇಲೆ ಮುಳುಗಿತು.
ಅಂಥ ಮರ್ಯಾದಸ್ಥ ಶತ್ರುವನ್ನು ಮತ್ತೆ ಕಾಣಲಿಲ್ಲ, ಬಾಯಿ.

ಅವನು ಕರೆಯುವುದೇ ಹಾಗೆ. ಸುಗುಣಾಬಾಯಿ ನಾನು,
ಹೆಸರಿನ ಬಾಲವೊಂದೇ ಸಾಕು ಅವನಿಗೆ.
ಬಂಟನಿಗೂ ನಾನೇ ತಾನೆ ಬಾಯಿ.

ಅಂಕಯ್ಯ ಸೀಸದಲ್ಲಿ ಗೀಚಿದ್ದ: ನಾನಿನ್ನು ಹೊರಡುತ್ತೇನೆ ತಾಯೀ.
ಗುಳ್ಳೆ ಚಿಕ್ಕದಿತ್ತು.
ಬತ್ತೀನಿ ಕಣವ್ವ, ಎಂದು ಬರೆದೆ.
ಆ ತಿಂಗಳು ಮಂಡ್ಯದಿಂದ ಒಂದು ಚೀಲ ಕಾರ್ಡು ಬಂತು.
ಅಂದಿನಿಂದ ಅವನು ಗುಳ್ಳೆಗಳನ್ನು
ಚಿಕ್ಕದಾಗಿಯೇ ಬರೆಯುತ್ತಾನೆ.

ಒಮ್ಮೆ ಮತಗಟ್ಟೆಯಲ್ಲಿ ಅವನ ಬೆರಳು ನೋಡಿ
ಆಗಲೇ ಹಾಕಿದ್ದೀಯಲ್ಲಯ್ಯ ಓಟು, ಎಂದು ತಡೆದರು.
ಹತ್ತೂ ಬೆರಳು ಚಾಚಿದ. ಹತ್ತೂ ಕಪ್ಪು.
ಹತ್ತು ತಲೆಯವನೇನ್ರೀ ನಾನು?

ಟೀವಿ ಬಂತು. ಮೂವರು ಯಜಮಾನರು ಬದಲಾದರು.
ಒಂದು ವರ್ಷ ಸಂಬಳದ ಬದಲು ಕಾಗದ ಕೊಟ್ಟರು,
ಅದರ ಮೇಲೂ ಬಂಟನನ್ನೇ ಬರೆದ.
ಹಳೆಯ ಸಂಚಿಕೆ ಹರಡಿ ಲೆಕ್ಕ ಹಾಕಿದ್ದೆ:
ನಮಗೆ ಮುನ್ನೂರ ಎಪ್ಪತ್ತೆರಡು ತಿಂಗಳು,
ಬಂಟನಿಗೆ ಐದೇ ಮಳೆಗಾಲ.
ಅವನ ಮೀಸೆ ಹಾಗೇ ಇದೆ. ನನ್ನ ಕನ್ನಡಕ
ನಾಲ್ಕು ಸಲ ದಪ್ಪವಾಗಿದೆ.
ಮೊಸಳೆ ಅಮಲ್ದಾರ ಇನ್ನೂ ಸುಂಕ ಎತ್ತುತ್ತಿದ್ದಾನೆ.
ಲ್ಯಾನ್ಸ್‌ಡೌನ್ ಕಟ್ಟಡದ ಕಂಬಗಳ ನಡುವೆ
ಹಳೇ ಪುಸ್ತಕಕ್ಕೆ ಚೌಕಾಸಿ ಮಾಡುತ್ತಿದ್ದ ಹುಡುಗರು
ಮಕ್ಕಳ ಕೈ ಹಿಡಿದು ಅಟ್ಟ ಹತ್ತಿ ಬಂದು
ಅವನಿಗಿನ್ನೂ ಮದುವೆಯಾಗಿಲ್ಲವೇ, ಎನ್ನುತ್ತಾರೆ.

ಹೋದ ಆಷಾಢದಿಂದ ಅಂಕಯ್ಯನ ಕೈ ನಡುಗುತ್ತಿದೆ.
ಕೆ.ಆರ್. ಪೇಟೆಯ ಮೇಷ್ಟರೊಬ್ಬರು ಬರೆದಿದ್ದರು:
ಈಗೀಗ ನಿಮ್ಮ ನೀರು ನಿಜವಾದ ನೀರಿನಂತೆ ಅಲುಗುತ್ತದೆ.
ಎರಡು ಸಲ ಓದಿ, ಕಾರ್ಡನ್ನು
ಮಸಿಕುಡಿಕೆಯ ಕೆಳಗಿಟ್ಟ.
ಆಮೇಲಿಂದ ಕಥೆಯೆಲ್ಲ ಹೊಳೆಯೊಳಗೇ ನಡೆಯುತ್ತಿದೆ.
ಜಗಳ, ಪಂಚಾಯ್ತಿ, ಊಟ, ಎಲ್ಲ.

ಈ ತಿಂಗಳ ಕೊನೆಯ ಪುಟ ನನ್ನ ಮುಂದಿದೆ.
ಕತ್ತಿ ದಡದ ಬಂಡೆಯ ಮೇಲೆ. ಬಂಟ ಕಾಣುವುದಿಲ್ಲ.
ನೀರಿನಿಂದ ಏಳುತ್ತಿರುವ ಏಳು ಗುಳ್ಳೆ.
ಯಾವುದು ಮಾತಿನದು, ಯಾವುದು ಉಸಿರಿನದು?
ಅಂಕಯ್ಯ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು
ನೀನೇ ನೋಡಿಕೋ ಬಾಯಿ, ಎಂದ.

ನಿಬ್ಬು ಅದ್ದಿದ್ದೇನೆ.
ಕೆಳಗೆ ಮೆಷಿನ್ನು ಶುರುವಾಗಿ ಅಟ್ಟವೇ ನಡುಗುತ್ತಿದೆ.
ಅದು ನಿಲ್ಲಲಿ ಎಂದು
ಕೈ ಎತ್ತಿ ಹಿಡಿದಿದ್ದೇನೆ.