ಇಲ್ಲಿ ನಡೆಯುತ್ತದೆ

ಶೂರ್ದುರ್ ನಿವೃತ್ತನಾಗಿ ಬಿಟ್ಟುಹೋದದ್ದು
ಒಂದು ಉಣ್ಣೆಯ ಟೋಪಿ, ಹಿಡಿ ಕಳಚಿದ ಡ್ರಾಯರು,
ನಾನೂರ ಹನ್ನೆರಡು ಸಾಲಿನ ಸ್ಕ್ರಿಪ್ಟು.
ತುದಿಯಲ್ಲಿ ಅವನದೇ ಟಿಪ್ಪಣಿ: ‘ಇಲ್ಲಿ ನಡೆಯುತ್ತದೆ.’

ಇಲ್ಲಿ ಎಂದರೆ ಎಲ್ಲಿ?
ರಾನ್ವಾ ಕೇಳುತ್ತಾಳೆ, ಯಾರನ್ನೂ ಅಲ್ಲ.
ತೋರ್ಸ್‌ಹಾವ್ನ್ ಬಂದರು ಕಚೇರಿ, ಜನವರಿ,
ಮಧ್ಯಾಹ್ನ ಮೂರಕ್ಕೇ ದೀಪ.
ದೋಣಿ ಹೋದ ಹೊತ್ತು, ಬಂದ ಹೊತ್ತು, ಉಬ್ಬರದ ಅಳತೆ
ಇಪ್ಪತ್ತು ವರ್ಷ ಬರೆದಿಟ್ಟ ಆ ಸಾಲುಗಳು
ಇನ್ನು ಉಳಿದ ದ್ವೀಪಗಳಿಗೂ ಹೋಗಬೇಕು.
ಅಲ್ಲಿ ಬೇರೆ ಯಂತ್ರ, ಬೇರೆ ಶೆಲ್ಲು;
ಎಲ್ಲವೂ ಆಣೆಯಿಟ್ಟು ಹೇಳುತ್ತವೆ,
ನಾವು ಒಂದೇ ಮಾನಕದ ಮಕ್ಕಳು.

ಸಾಲಾಗಿ ಕೂರಿಸುತ್ತಾಳೆ:
ಬ್ಯಾಶ್, ಡ್ಯಾಶ್, ಕಾರ್ನ್, ಬಿಜಿಬಾಕ್ಸಿನ ಆ್ಯಶ್,
ಮೂಲೆಯಲ್ಲಿ ಕೆಮ್ಮುವ ಮುದಿ ಸೊಲಾರಿಸ್ ಪೆಟ್ಟಿಗೆ.
ಚಿನ್ನ ಒಂದೇ, ಒರೆಗಲ್ಲು ಐದು.

ಬ್ಯಾಶ್ ಏನೂ ಅನ್ನುವುದಿಲ್ಲ,
ತೊದಲಿಗೆಲ್ಲ ಹೂಂಗುಟ್ಟುವ ಅಜ್ಜಿ ಅದು.
ಡ್ಯಾಶ್ ಹದಿನಾಲ್ಕನೇ ಸಾಲಿಗೆ ತಲೆಯೆತ್ತುತ್ತದೆ:
ಜೋಡಿ ಚೌಕ ಕಂಸವೇ? ಆ ಹೆಸರಿನವರು ಇಲ್ಲಿಲ್ಲ.
ಸಮಚಿಹ್ನೆ ಎರಡು ಯಾಕೆ, ಒಂದು ಸಾಲದೇ?
ಮುದಿ ಪೆಟ್ಟಿಗೆಗೆ ಹೊಸ ಸಾಲು ಬೇಡವೆಂದು ಸನ್ನೆ ಮಾಡಿದರೆ
ಸನ್ನೆಯನ್ನೇ ಓದಿ ಹೇಳುತ್ತದೆ:
ಪ್ರತಿ ದೋಣಿಯ ಮುಂದೆ ಒಂದು ಅಡ್ಡಗೆರೆ, ಒಂದು ಎನ್.
ಗುಟ್ಟಾಗಿ ಹೇಳಿ ಬಾ ಎಂದು ಕಳಿಸಿದ ಹುಡುಗ
‘ಗುಟ್ಟು, ಗುಟ್ಟು’ ಎಂದು ಕೂಗುತ್ತ ಹೋದ ಹಾಗೆ.

ಒಂದೊಂದೇ ತಿದ್ದುತ್ತಾಳೆ. ಕಾಫಿ ಆರುತ್ತದೆ.

ಆಮೇಲೆ ದೋಣಿಗಳ ಪಟ್ಟಿ.
ಅದರಲ್ಲಿ ‘ಲಿತ್ಲಾ ಸುನ್ನೆವಾ’, ಶೂರ್ದುರನ ಅಣ್ಣನದು.
ಉದ್ಧರಣ ಚಿಹ್ನೆಯ ಹೊದಿಕೆಯಿಲ್ಲದೆ ಬಂದ ಹೆಸರು
ನಡುವಿನ ಖಾಲಿಯಲ್ಲಿ ಸೀಳುತ್ತದೆ:
ಲಿತ್ಲಾ ಒಂದು ದೋಣಿ, ಸುನ್ನೆವಾ ಇನ್ನೊಂದು.
ಇಲ್ಲಿ ಮಾತ್ರ ಐದೂ ಶೆಲ್ಲಿಗೆ ಒಮ್ಮತ.
ಐದೂ ಕೂಡಿ ತಪ್ಪು.

ಹಳೆಯ ದಾಖಲೆ ತೆಗೆದು ನೋಡಿದರೆ ಅಲ್ಲೂ ಹಾಗೇ,
ಚಳಿಗಾಲ ಚಳಿಗಾಲವೂ, ಒಂದೇ ನಿಮಿಷಕ್ಕೆ
ಎರಡು ದೋಣಿ ಬಂದರು ಬಿಟ್ಟಿವೆ.
ನಡೆದದ್ದೇ ಇಲ್ಲವಲ್ಲ ಹಾಗಾದರೆ, ಇಲ್ಲಿ ಕೂಡ.

ಫೋನು ಮಾಡುತ್ತಾಳೆ. ಆ ಕಡೆ ರೇಡಿಯೋ, ಕೆಟಲಿನ ಸದ್ದು.
‘ಅದಾ? ಗೊತ್ತಿತ್ತು’ ಎನ್ನುತ್ತಾನೆ ಶೂರ್ದುರ್.
‘ಅಣ್ಣ ಯಾವಾಗಲೂ ಒಬ್ಬನೇ ಹೋಗುತ್ತಿದ್ದ.
ಜೊತೆಗೊಂದು ಇರಲಿ ಅಂತ ಬಿಟ್ಟೆ.’

ರಾನ್ವಾ ಬಹಳ ಹೊತ್ತು ಬೆರಳು ಎತ್ತಿಕೊಂಡೇ ಕೂತಿದ್ದಳು.
ಆಮೇಲೆ ಹೆಸರಿನ ಆಚೆ ಒಂದು ಚಿಹ್ನೆ, ಈಚೆ ಒಂದು.
ಐದು ಕಡೆಯೂ ‘ಲಿತ್ಲಾ ಸುನ್ನೆವಾ’ ಒಂದೇ ದೋಣಿ, ಒಂಟಿ.

ತುದಿಯ ಟಿಪ್ಪಣಿಯನ್ನು ಅಳಿಸಲಿಲ್ಲ.
ಅದರ ಕೆಳಗೆ ಬರೆದಳು:
‘ಐದು ಕಡೆ ಒರೆದು ನೋಡಿದೆ.
ಆರನೆಯದು ಗೊತ್ತಿಲ್ಲ.’