ಕರಿಯನ ಹೆಸರು, ಮೂರು ಅಂಕಿ

ಯಶವಂತಪುರದ ಹೋಟೆಲಿನ ಮೂರನೇ ಮಹಡಿ.
ನಾವು ಹದಿನೆಂಟು ಮಂದಿ ಸೆಕ್ಯುರಿಟಿ ಮ್ಯಾನೇಜರುಗಳು.
ಎಲ್ಲರ ಬೂಟಿಗೂ ಪಾಲಿಶ್, ಎಲ್ಲರ ಬೆನ್ನೂ ನೆಟ್ಟಗೆ,
ಕಂಪ್ಯೂಟರ್ ಎಂದರೆ ಎಲ್ಲರಿಗೂ ಅಷ್ಟಕ್ಕಷ್ಟೆ.
ಆಸ್ಪತ್ರೆಯಿಂದ ಮೊಣ್ಣಪ್ಪ, ಮಾಲಿನಿಂದ ಫಿಲೋಮಿನಾ,
ಪೀಣ್ಯದ ವಾಲ್ವ್ ಕಾರ್ಖಾನೆಯಿಂದ ನಾನು:
ಇಪ್ಪತ್ತಾರು ವರ್ಷ, ಒಂದೇ ಗೇಟು.

ಕಳಿಸಿದ್ದು ಯಾಕೆಂದು ಗೊತ್ತು.
ಸಾಹೇಬರ ಹೆಸರಲ್ಲಿ ಬಂದ ಒಂದು ಮೇಲಿಗೆ
ಅಕೌಂಟ್ಸಿನವರು ಒಂಬತ್ತು ಲಕ್ಷ ಕಟ್ಟಿಬಿಟ್ಟರು.
ಆ ದಿನದ ರಿಜಿಸ್ಟರ್ ತೆಗೆದು ನೋಡಿದ್ದೆ:
ಇಪ್ಪತ್ತೊಂದು ಲಾರಿ, ಎರಡು ಕೊರಿಯರ್, ಒಬ್ಬ ಪ್ಲಂಬರ್.
ಕಳ್ಳನ ಸಹಿ ಇರಲಿಲ್ಲ.
ಕೋಟೆ ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಲು ನನ್ನನ್ನು ಕರೆದಿದ್ದರು,
ಬಾಗಿಲು ಎಲ್ಲಿದೆ ಎಂದೇ ಹೇಳದೆ.

ಪಾಠ ಮಾಡುವ ತಸ್ನೀಮ್
ನನ್ನ ಸರ್ವೀಸಿಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೆ.
"ನಿಮ್ಮ ಗೋಡೆ ಎಷ್ಟೆತ್ತರ ಸರ್?"
ಹತ್ತಡಿ, ಮೇಲೆ ಗಾಜಿನ ಚೂರು, ಅದರ ಮೇಲೆ ಮುಳ್ಳುತಂತಿ,
ಎಂದೆ, ತುಸು ಜಂಬದಿಂದಲೇ.
"ಒಳಗೆ ಬಂದವನು ನಿಮ್ಮ ಗೋಡೆಯನ್ನು
ಇವತ್ತಿನವರೆಗೂ ನೋಡಿಲ್ಲ."

ಆಮೇಲೆ ಬಾಯಿಬಿಟ್ಟಳು:
ಹೋದ ವಾರ ನಮಗೆಲ್ಲ ಬಂದಿದ್ದ ಮೇಲು,
'ತರಬೇತಿ ದಿನದ ಊಟ, ವೆಜ್ಜೋ ನಾನ್‌ವೆಜ್ಜೋ, ಇಲ್ಲಿ ಒತ್ತಿ',
ಅದು ಅವಳದೇ ಗಾಳ.
ಊಟಕ್ಕೇಕೆ ಪಾಸ್‌ವರ್ಡು ಎಂದು
ಹನ್ನೊಂದು ಜನ ಕೇಳಲೇ ಇಲ್ಲ.
"ಉಳಿಸಿಟ್ಟುಕೊಂಡಿಲ್ಲ, ಹೆಸರೂ ಹೇಳಲ್ಲ," ಎಂದಳು.
ಹೇಳದಿದ್ದರೂ ಹನ್ನೊಂದು ತಲೆ ನೆಲ ನೋಡಿದವು.
ನಾನು ಚಿಕನ್ ಒತ್ತಿದ್ದೆ.
ಮಧ್ಯಾಹ್ನ ಬಂದದ್ದು ಬಿಸಿಬೇಳೆ ಬಾತು.

ನನ್ನ ಪಾಸ್‌ವರ್ಡು ಕರಿಯನ ಹೆಸರು,
ಮುಂದೆ ಗೇಟಿನ ಎಕ್ಸ್‌ಟೆನ್ಶನ್ನು, ಮೂರು ಅಂಕಿ.
ಕರಿಯ ನಮ್ಮ ಗೇಟಿನ ನಾಯಿ.
ವೇ ಬ್ರಿಡ್ಜಿನ ಮೇಲೆ ಅವನು ಮಲಗಿದರೆ
ಕೆಂಪು ಅಕ್ಷರದಲ್ಲಿ ಇಪ್ಪತ್ತು ಕೆಜಿ ಎಂದು ಬರುತ್ತಿತ್ತು,
ಲಾರಿಯವರು ಹಾರ್ನ್ ಹೊಡೆದು ಕಾಯುತ್ತಿದ್ದರು.
ಸತ್ತು ನಾಲ್ಕು ವರ್ಷ.
ದಿನಾ ಬೆಳಗ್ಗೆ ಎರಡು ಬೆರಳಿನಲ್ಲಿ
ಅವನನ್ನು ಕೂಗಿಯೇ ನಾನು ಒಳಗೆ ಹೋಗುತ್ತಿದ್ದದ್ದು.

"ಪರಿಚಯವೆಂದು ಬಿಡಬೇಡಿ,
ಪ್ರತಿ ಸಲವೂ ಪರೀಕ್ಷಿಸಿ," ಎಂದಳು ತಸ್ನೀಮ್.
ಮೊಣ್ಣಪ್ಪನಿಗೆ ಸಿಟ್ಟು ಬಂತು:
"ಇಪ್ಪತ್ತು ವರ್ಷದ ಡಾಕ್ಟರನ್ನೂ?"
ನನಗೆ ಬರಲಿಲ್ಲ.
ಟೀ ತರುವ ಹುಲುಗಪ್ಪನ ಪ್ಯಾಂಟನ್ನು
ಕರಿಯ ಒಂಬತ್ತು ವರ್ಷ, ದಿನಾ ಹತ್ತಕ್ಕೆ, ಮೂಸುತ್ತಿದ್ದ.
ಮೂಸಿದ ಮೇಲೇ ಬಾಲ.
ಸಾಹೇಬರು ಹೊಸ ಶೂ ಹಾಕಿ ಬಂದ ದಿನ
ಅವರನ್ನೂ ಬಿಡಲಿಲ್ಲ. ಅವರು ನಿಂತರು,
ಎಂಡಿ, ಮುನ್ನೂರು ಜನಕ್ಕೆ ಸಂಬಳ ಕೊಡುವವರು,
ಕಾಲು ಚಾಚಿಕೊಂಡು ನಿಂತರು.
ಹುಲುಗಪ್ಪನಿಗೆ ಅವಮಾನವಾಯಿತೆಂದು
ನಾನಂತೂ ಕೇಳಿಲ್ಲ.

ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಬದಲಿಸಲು ಹೋದೆ.
'ಹೊಸದು ಹಳೆಯದರ ಹಾಗಿರಬಾರದು,'
ಎಂದಿತು ಫೋನು, ಯಾವುದೋ ಮನೆಯ ಹಿರಿಯರ ಥರ.
ಗೊರಗುಂಟೆಪಾಳ್ಯ ಬಂತು. ಪಕ್ಕದವನ ಕಣ್ಣು
ನನ್ನ ಪರದೆಯ ಮೇಲಿತ್ತೋ ಇಲ್ಲವೋ,
ಎದೆಗೆ ಒತ್ತಿ ಹಿಡಿದೆ.
ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಎಂದಿದ್ದಳು.
ಸಿಕ್ಕಿದವು. ಇಲ್ಲಿ ಬರೆಯುವುದಿಲ್ಲ.

ಪೀಣ್ಯದಲ್ಲಿ ಇಳಿದು ಮನೆಗೆ ಹೋಗದೆ ಗೇಟಿಗೆ ಹೋದೆ.
ರಾತ್ರಿ ಪಾಳಿಯ ಬಸಲಿಂಗಮ್ಮ ಸೆಲ್ಯೂಟ್ ಹೊಡೆದು
ಬಾಗಿಲು ತೆರೆದೇಬಿಟ್ಟಳು.
"ಐಡಿ ಕೇಳಮ್ಮ."
"ನಿಮ್ಮನ್ನಾ ಸಾರ್?"
"ನನ್ನನ್ನೇ."
ನಕ್ಕಳು. ಆಮೇಲೆ ನಗುವುದು ಬಿಟ್ಟು
ಟಾರ್ಚು ಹಿಡಿದಳು, ಕಾರ್ಡಿಗೊಮ್ಮೆ, ಮುಖಕ್ಕೊಮ್ಮೆ,
ಮತ್ತೆ ಕಾರ್ಡಿಗೆ.
ಅವಸರ ಮಾಡಲಿಲ್ಲ.
ಕಣ್ಣು ಚುಚ್ಚುವ ಬೆಳಕಿನಲ್ಲಿ ಕಾಲು ಚಾಚಿಕೊಂಡು ನಿಂತಿದ್ದೆ.
ಅವಳ ಹಿಂದೆ ವೇ ಬ್ರಿಡ್ಜಿನ ಕೆಂಪು ಅಂಕಿ
ಸೊನ್ನೆ.