ಮೂರು ಬೆರಳಗಲದ ಕಿಟಕಿ

ಮೊದಲು ಕೂತುಕೊಳ್ಳಿ, ಹಾಚಿಯಾ ಅವರೇ.
ಒರೆಯಿಂದ ನೀವೇ ಎಳೆಯಬೇಡಿ, ಅದು ನನ್ನ ಕೆಲಸ.
ಅಲಗು ಮೇಲಕ್ಕೆ, ಉಸಿರು ಪಕ್ಕಕ್ಕೆ.
ಮಾತಾಡುವಾಗ ಎಂಜಲ ಹನಿಯೊಂದು ಸಿಡಿದರೂ
ನಾಳೆ ಬೆಳಿಗ್ಗೆ ಅಲ್ಲೊಂದು ಕೆಂಪು ಚುಕ್ಕೆ.

ನಮ್ಮ ಸೆಕಿ ಊರಲ್ಲಿ ಅಡುಗೆ ಚಾಕು ಮಸೆಯುವವರು
ಬೀದಿಗೆ ಹತ್ತು ಜನ. ಬೆಳಿಗ್ಗೆ ಕೊಟ್ಟರೆ
ಮಧ್ಯಾಹ್ನದ ಈರುಳ್ಳಿಗೆ ಸಿದ್ಧ.
ನನ್ನ ಹತ್ತಿರ ಬಿಟ್ಟರೆ, ಬರುವ ವರ್ಷ
ಪ್ಲಮ್ ಹೂಬಿಟ್ಟು, ಉದುರಿ, ಕಾಯಿ ಉಪ್ಪಿಗೆ ಬಿದ್ದ ಮೇಲೆ
ಒಂದು ಫೋನು ಮಾಡಿ.
ಮುಂಚೆ ಮಾಡಿದರೆ ಎತ್ತುವುದಿಲ್ಲ, ಕೈ ಒದ್ದೆ.

ದುಡ್ಡು ಅಂಗುಲದ ಲೆಕ್ಕ. ಚೌಕಾಸಿ ಇಲ್ಲ.
ಕನ್ನಡಿಯಂಥ ಹೊಳಪು ಬೇಕೆನ್ನಬೇಡಿ,
ಅದು ಬಚ್ಚಲ ನಲ್ಲಿಗೆ ಸರಿ.
ಹಿಡಿಯೊಳಗೆ ಅಡಗಿದ ಕಪ್ಪು ತುಕ್ಕನ್ನು
ಉಜ್ಜಿ ಎನ್ನಬೇಡಿ. ಅದು ಕತ್ತಿಯ ವಯಸ್ಸು.
ತಂದಷ್ಟೇ ತೂಕ ವಾಪಸು ಬರಲಿ ಎಂದೂ ಎನ್ನಬೇಡಿ:
ಮಸೆಯುವುದೆಂದರೆ ಸವೆಸುವುದು.
ನಿಮ್ಮ ಕತ್ತಿಯ ಒಂದು ಕೂದಲೆಳೆ
ನನ್ನ ಬಕೆಟ್ಟಿನ ತಳದಲ್ಲಿ ಬೂದು ಕೆಸರಾಗಿ ಉಳಿಯುತ್ತದೆ,
ಅದಕ್ಕೂ ನೀವೇ ದುಡ್ಡು ಕೊಟ್ಟಿರುತ್ತೀರಿ.

ಕಲ್ಲುಗಳು ಏಳೆಂಟು. ಒರಟು ಮೊದಲು, ನಯ ಆಮೇಲೆ,
ಕೊನೆಗೆ ಉಗುರಿನಗಲದ ಚಕ್ಕೆ, ಕಾಗದದಷ್ಟು ತೆಳು,
ಹೆಬ್ಬೆರಳ ಕೆಳಗಿಟ್ಟು ತೀಡುತ್ತ ತೀಡುತ್ತ
ಕಲ್ಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು
ಗೊತ್ತಾಗುವುದಿಲ್ಲ. ನನ್ನ ಈ ಬೆರಳಿಗೆ ಗೆರೆಯೇ ಇಲ್ಲ, ನೋಡಿ.
ಬ್ಯಾಂಕಿನ ಯಂತ್ರ ನನ್ನನ್ನು ಒಪ್ಪುವುದಿಲ್ಲ.
ಐವತ್ತೆರಡು ವರ್ಷ ಕತ್ತಿ ಮಸೆದಿದ್ದೇನೆ,
ಯಾರ ಮೇಲೂ ಅಲ್ಲ.

ಅವರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು
ಮುತ್ತಾತನ ಮುತ್ತಾತ ಸೆಕಿಗಾಹರದಲ್ಲಿ
ಇದನ್ನೇ ಹಿಡಿದಿದ್ದ ಎಂದರು.
ನನ್ನ ಗಿರಾಕಿಗಳ ಮುತ್ತಾತಂದಿರೆಲ್ಲ ಅಲ್ಲೇ ಇದ್ದವರು.
ಆ ಬಯಲು ಅಷ್ಟು ಅಗಲವಿತ್ತೇ ಎಂದು ನನಗೊಂದು ಅನುಮಾನ.
ತಲೆಯಾಡಿಸಿದೆ. ಚಹಾ ಕೊಟ್ಟೆ.

ಇಡೀ ಕತ್ತಿಗೆ ಕೈಹಾಕುವ ಮುನ್ನ ಒಂದು ಕಿಟಕಿ ತೆರೆ,
ಎನ್ನುತ್ತಿದ್ದರು ನವಾ ಗುರುಗಳು.
ಮೂರು ಬೆರಳಗಲ, ಅಷ್ಟೇ ಜಾಗ,
ಒರಟಿನಿಂದ ನಯದವರೆಗೆ ಪೂರಾ ತೀಡಿ
ಒಳಗೆ ಯಾರಿದ್ದಾರೆ ನೋಡು.
ಮೂರು ದಿನ ತೀಡಿದೆ.
ಇರಬೇಕಿತ್ತು ಅಲಗಿನುದ್ದಕ್ಕೂ ಬಿಳಿಯ ಮಂಜಿನಂಥ ಗೆರೆ,
ಮಣ್ಣು ಬಳಿದು, ಕಾಯಿಸಿ, ನೀರಿಗದ್ದಿದವನ ಗುರುತು.
ದೀಪವನ್ನು ಎಡಕ್ಕೆ ಸರಿಸಿದೆ. ಬಲಕ್ಕೆ.
ಏನಿಲ್ಲ.
ತಂಗಳು ಗಂಜಿಯಂಥ ಬಣ್ಣ, ಈ ಕಡೆಯಿಂದ ಆ ಕಡೆಗೆ.

ಫೋನು ನಾನೇ ಮಾಡಿದೆ. ಬಂದರು.
ಇದು ಬೆಂಕಿಗೆ ಬಿದ್ದ ಕತ್ತಿ, ಎಂದೆ.
ಬೆಂದ ಉಕ್ಕು ಕಲಿತದ್ದನ್ನೆಲ್ಲ ಮರೆಯುತ್ತದೆ.
ತೀಡಬಹುದು, ಹೊಳೆಯುತ್ತದೆ,
ಆದರೆ ನಾನು ಆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಕೆಲವರು ಬೈದಿದ್ದಾರೆ,
ಒಬ್ಬ ನಾನೇ ಸುಟ್ಟೆ ಎಂದಿದ್ದ.
ಇವರು ಕಿಟಕಿಯನ್ನೇ ನೋಡುತ್ತ ಕೂತರು,
ಬಾಯಿಗೆ ಕರವಸ್ತ್ರ ಹಿಡಿದು, ನಾನು ಕಲಿಸಿದ ಹಾಗೆ.
ಆಮೇಲೆ:
"ನಲವತ್ತೈದರ ಜುಲೈ. ಗಿಫು ಸುಟ್ಟ ರಾತ್ರಿ.
ಬೂದಿಯಿಂದ ಅಜ್ಜಿ ಹೆಕ್ಕಿದ್ದು ಅನ್ನದ ಪಾತ್ರೆಯ ಮುಚ್ಚಳ,
ಮತ್ತೆ ಯಾವುದೋ ಕಬ್ಬಿಣ.
ಮುಚ್ಚಳದ ಕಥೆ ನೂರು ಸಲ ಹೇಳಿದ್ದಾಳೆ.
ಕಬ್ಬಿಣದ್ದು ಒಂದು ಸಲವೂ ಇಲ್ಲ."

ಸೆಕಿಗಾಹರದ ಮಾತು ಮತ್ತೆ ಬರಲಿಲ್ಲ.
ಕಿಟಕಿ ಮುಚ್ಚಬಹುದೇ ಎಂದು ಕೇಳಿದರು.
ಬರುವುದಿಲ್ಲ ಎಂದೆ. ವರ್ಷಕ್ಕೆರಡು ಸಲ
ಲವಂಗದೆಣ್ಣೆ, ತೆಳ್ಳಗೆ. ಬೆರಳು ತಾಗಿಸಬೇಡಿ.
ಮೂರು ದಿನದ ಕೂಲಿ ಎಣಿಸಿಕೊಂಡೆ.

ಮಳೆಗಾಲ ಕಳೆದ ಮೇಲೆ ಒಂದು ಪೊಟ್ಟಣ ಬಂತು,
ದಿನಪತ್ರಿಕೆ ಸುತ್ತಿ, ದಾರ ಕಟ್ಟಿ:
ದುಂಡನೆಯ, ಕರಿಹಿಡಿದ, ಅಂಚು ಸೊಟ್ಟಗಾದ ಮುಚ್ಚಳ.
"ಇದಕ್ಕೂ ಒಂದು ಕಿಟಕಿ ಆದೀತೇ?" ಎಂದು ಚೀಟಿ.

ಕಲ್ಲಿನ ಪಕ್ಕ ವಾರ ಪೂರ್ತಿ ಇಟ್ಟುಕೊಂಡಿದ್ದೆ.
ಉಜ್ಜಲಿಲ್ಲ. ಎಣ್ಣೆ ಸವರಿ ಕಳಿಸಿದೆ,
ಬಿಲ್ಲಿಲ್ಲದೆ.